ನೆಟ್ಟಗೆ ಬರೆದ ಅಂಕಿಗಳು

ದಾಂಡೇಲಿ
12 ಜೂನ್ 2023

ಸಹನಾಳಿಗೆ,

ನಿನ್ನ ಫೋನು ಒಂದೇ ವಾರದಲ್ಲಿ ಆರು ಸಲ ಬಂತು. ಕೈ ಖಾಲಿ ಇರಲಿಲ್ಲವೆಂದಲ್ಲ, ಎತ್ತಬಾರದೆಂದೇ ಎತ್ತಲಿಲ್ಲ. ಫೋನಿನಲ್ಲಿ ನೀನು ಅಳುತ್ತೀ, ನನಗೆ ಸಿಟ್ಟು ಬರುತ್ತದೆ, ಆಡಬಾರದ ಮಾತು ಬಾಯಿಂದ ಹೋಗುತ್ತದೆ. ಕಾಗದದ ಮೇಲಾದರೆ ಇಬ್ಬರಿಗೂ ಮರ್ಯಾದೆ ಉಳಿಯುತ್ತದೆ. ನಿನ್ನ ದೊಡ್ಡ ನೆಗೆಣ್ಣಿ ಜ್ಯೋತಿ ನಕ್ಕಳು. "ಅತ್ತಿ, ವಾಟ್ಸಾಪಿನ್ಯಾಗ ಹಾಕ್ರಿ, ಒಂದ ನಿಮಿಷದಾಗ ಹೋಗತೈತಿ." ಒಂದು ನಿಮಿಷದಲ್ಲಿ ಹೋಗುವಂಥ ಮಾತು ನಾನು ಆಡುವುದಿಲ್ಲ ಎಂದೆ.

ಹೋದ ನವೆಂಬರಿನಲ್ಲಿ ಶಿವಲಿಂಗನನ್ನು ಮಣ್ಣು ಮಾಡಿ ತಿಂಗಳು ತುಂಬುವ ಮೊದಲೇ ನೀನು ಟ್ರಂಕು ಹಿಡಿದು ಮುಂಡಗೋಡಿಗೆ ಹೋದೆ. ಕಾಲೇಜಿನ ರಜೆ ಮುಗಿಯಿತು ಎಂದೆ. ನಾನು ತಡೆಯಲಿಲ್ಲ. ಗಂಡ ಇದ್ದಾಗಲೂ ವಾರವೆಲ್ಲ ನೀನು ಅಲ್ಲಿ, ಶನಿವಾರ ಮಧ್ಯಾಹ್ನ ಇಲ್ಲಿ. ಅವನು ಹೋದ ಮೇಲೆ ಒಂದು ಶನಿವಾರವೂ ನಿನಗೆ ಈ ಮನೆಯ ದಾರಿ ನೆನಪಾಗಲಿಲ್ಲ. ಇದನ್ನು ಆಡಿ ತೋರಿಸಬೇಕೆಂದು ಕೂತಿರಲಿಲ್ಲ. ಬರೆದಾಯಿತು, ಇರಲಿ.

ನೀನು ಶಿವಲಿಂಗನ ಚೀಟಿಗಳನ್ನು ಕೇಳುತ್ತಿದ್ದೀಯೆಂದು ನಿನ್ನ ಭಾವ ಸುಭಾಸ ಹೇಳಿದ. ಕಾರ್ಖಾನೆಯಲ್ಲಿ ಬಿಸಿ ಎಷ್ಟಿದೆ ಎಂದು ತಮ್ಮ ಗೀಚಿಕೊಳ್ಳುತ್ತಿದ್ದ ಚೀಟಿಗಳು ಎಂದ. ಗಂಡನ ಅಂಗಿ ಬೇಡ, ಫೋಟೊ ಬೇಡ, ಎಣ್ಣೆ ಹತ್ತಿದ ಚೀಟಿ ಬೇಕೇ ನಿನಗೆ? ಯಾತಕ್ಕೆ? ಬರೆದು ತಿಳಿಸು. ಅಕ್ಷರ ಬಿಡಿಸಿ ಬರೆ.

ಮಾಲವ್ವ


ಮುಂಡಗೋಡ
19 ಜೂನ್ 2023

ಪೂಜ್ಯ ಅತ್ತೆಯವರಿಗೆ ಸಹನಾಳ ನಮಸ್ಕಾರ.

ನೀವು ಬರೆದದ್ದಕ್ಕೆ ಸಂತೋಷವಾಯಿತು. ಬೈದದ್ದಕ್ಕೂ.

ಹೋದ ತಿಂಗಳು ಫಯಾಜಣ್ಣ ನಮ್ಮ ಕಾಲೇಜಿಗೆ ಬಂದಿದ್ದರು. ಆರು ವರ್ಷ ಇವರ ಜೊತೆ ಅದೇ ಹೀಟರಿನ ಮುಂದೆ ನಿಂತವರು. ಕೆಲಸದಿಂದ ತೆಗೆದ ಮೇಲೆ ಜೊಯಿಡಾದಲ್ಲಿ ಹೆಂಡತಿಯ ತವರಿನಲ್ಲಿದ್ದಾರೆ, ಕುಳಗಿಯ ಪ್ರವಾಸಿ ಕ್ಯಾಂಪಿಗೆ ಪಿಕಪ್ಪಿನಲ್ಲಿ ರೇಷನ್ ಸಾಗಿಸುತ್ತಾರೆ. "ವೈನಿ, ನೌಕರಿ ಹೋದ್ರ ಹೋಗಲಿ. ಶಿವ್ಯಾನ್ನ ಕೊಂದಾಂವ ಅನ್ನೂ ಹೆಸರೊಂದು ನನ್ನ ಮೈಮ್ಯಾಗಿಂದ ತಗೀರಿ" ಎಂದರು. ಕೂಡ್ರಲೂ ಇಲ್ಲ.

ನೀವು ನೋಡಿಲ್ಲ, ಆ ಹೀಟರ್ ಒಂದು ಉದ್ದನೆಯ ಕಬ್ಬಿಣದ ಪೀಪಾಯಿ. ಒಳಗೆ ಇನ್ನೂರು ಸಣ್ಣ ಕೊಳವೆಗಳು. ಕೊಳವೆಯೊಳಗೆ ಕಾಗದಕ್ಕಾಗಿ ಕಬ್ಬಿನ ಸಿಪ್ಪೆ ಬೇಯಿಸುವ ಕಾಸ್ಟಿಕ್ ಸೋಡಾ ನೀರು, ಹೊರಗೆ ಸುತ್ತಲೂ ಹಬೆ. ಕೊಳವೆಗಳು ಶುಚಿಯಾಗಿದ್ದವು, ಫಯಾಜ ತಪ್ಪು ವಾಲ್ವ್ ಮುಚ್ಚಿದ್ದರಿಂದ ಒತ್ತಡ ಏರಿ ಹೀಟರಿನ ಬಾಯಿ ಸಿಡಿಯಿತು ಎಂದು ಕಾರ್ಖಾನೆಯವರ ಹೇಳಿಕೆ. ತಾನು ವಾಲ್ವ್ ಮುಟ್ಟಲೇ ಇಲ್ಲ, ಕೊಳವೆಗಳೇ ಒಳಗೆ ಕಟ್ಟಿಕೊಂಡಿದ್ದವು ಎಂದು ಫಯಾಜಣ್ಣನ ಮಾತು. ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ ಕೂಡುತ್ತದಲ್ಲ, ಹಾಗೆ. ಸಿಡಿದ ಮೇಲೆ ಕಾರ್ಖಾನೆಯವರು ಆ ಪೀಪಾಯಿಯನ್ನು ಗುಜರಿಗೆ ಹಾಕಿದ್ದಾರೆ. ಈಗ ಉಳಿದಿರುವುದು ಅಂಕಿಗಳು ಮಾತ್ರ.

ಅಂಕಿಗಳಿಂದಲೇ ಒಳಗಿನ ಸ್ಥಿತಿ ತಿಳಿಯಬಹುದು, ಅತ್ತೆ. ನಾನು ಅದರದೊಂದು ಗಣಿತದ ಮಾದರಿ ಮಾಡುತ್ತಿದ್ದೇನೆ. ಹಬೆ ನೂರಾ ಮೂವತ್ತು ಡಿಗ್ರಿ, ಒಳಬರುವ ನೀರು ಅರವತ್ತು. ನಡುವಿನ ಅಂತರ ಎಪ್ಪತ್ತು. ನೀರು ಮುಂದೆ ಹರಿದ ಹಾಗೆ ಪ್ರತಿ ಅಡಿ ಕೊಳವೆಯೂ ಉಳಿದ ಅಂತರದಲ್ಲಿ ಒಂದೇ ಪಾಲನ್ನು ತಿನ್ನುತ್ತ ಹೋಗುತ್ತದೆ. ಕೊಳವೆ ಶುಚಿಯಾಗಿದ್ದರೆ ಪಾಲು ದೊಡ್ಡದು, ಹೊರಬರುವ ನೀರು ತೊಂಬತ್ತೆರಡು. ಪದರ ಕೂತಂತೆ ಪಾಲು ಕುಗ್ಗುತ್ತದೆ, ಹೊರಬರುವ ನೀರು ತಣ್ಣಗಾಗುತ್ತದೆ. ದಿನದಿನದ ಅಂಕಿ ಸಿಕ್ಕರೆ ಯಾವ ದಿನ ಎಷ್ಟು ಪದರ ಇತ್ತೆಂದು ಹೇಳಬಲ್ಲೆ.

ಸರ್ಕಾರದವರ ವಿಚಾರಣೆಗೆ ಕಾರ್ಖಾನೆ ಕೊಟ್ಟಿರುವುದು ರಿಜಿಸ್ಟರಿನ ಟೈಪು ಮಾಡಿದ ನಕಲು. ನನಗೆ ಇವರು ಹೀಟರಿನ ಎದುರು ನಿಂತು ಗೀಚಿದ ಮೂಲ ಚೀಟಿಗಳು ಬೇಕು. ಮನೆಗೆ ತರುತ್ತಿದ್ದರೆಂದು ಫಯಾಜಣ್ಣ ಹೇಳಿದರು. ದಯವಿಟ್ಟು ಹುಡುಕಿ ಕಳಿಸಿ.

ಶನಿವಾರ ದಾಂಡೇಲಿ ಬಸ್ ಸ್ಟ್ಯಾಂಡಿನವರೆಗೆ ಎರಡು ಸಲ ಬಂದು ತಿರುಗಿ ಹೋಗಿದ್ದೇನೆ. ಅವರಿಲ್ಲದ ಮನೆಯಲ್ಲಿ ಎಲ್ಲಿ ಕೂಡ್ರಬೇಕೆಂದು ತಿಳಿಯಲಿಲ್ಲ.

ಸಹನಾ


ದಾಂಡೇಲಿ
2 ಜುಲೈ 2023

ಸಹನಾಳಿಗೆ,

ಫಯಾಜನ ಹೆಸರು ನನ್ನ ಹೊಸ್ತಿಲು ದಾಟಿ ಒಳಗೆ ಬರಬಾರದು. ಅದನ್ನು ನೀನು ಒಂದೇ ಪತ್ರದಲ್ಲಿ ಹತ್ತು ಸಲ ಬರೆದು ಕಳಿಸಿದ್ದೀ, ಮೇಲೆ ಅಣ್ಣ ಬೇರೆ. ಅವನು ಆ ದಿನ ಒಂದು ಹಿಡಿ ಮಣ್ಣು ಕೊಡುತ್ತೇನೆಂದು ಗುಂಡಿಯ ಹತ್ತಿರ ಬಂದಾಗ ಎಲ್ಲರ ಮುಂದೆ ನಾನೇ ತಡೆದೆ. "ಜೀವಂತ ಇದ್ದಾಗ ಕೊಟ್ಟಿದ್ದ ಸಾಕು, ನಡಿ" ಎಂದೆ. ಮುಷ್ಟಿಯ ಮಣ್ಣು ಅಲ್ಲೇ ಚೆಲ್ಲಿ ಹೋದ. ಆ ಮಾತಿಗೆ ನಾನು ಇವತ್ತಿಗೂ ಬದ್ಧಳು. ಇಬ್ಬರು ನಿಂತ ಕಡೆ ಒಬ್ಬ ಸತ್ತ, ಒಬ್ಬ ಉಳಿದ. ಉಳಿದವನನ್ನು ಕೇಳದೆ ಇನ್ಯಾರನ್ನು ಕೇಳಲಿ?

ಚೀಟಿಗಳು ಇಲ್ಲ. ಶಿವಲಿಂಗನ ಜೊತೆಗೇ ಮಣ್ಣಿಗೆ ಹೋದವು.

ನಿನ್ನ ಅಕ್ಷರ ನೋಡಿ ಬೇಸರವಾಯಿತು. ಕಾಲೇಜಿನಲ್ಲಿ ಕಲಿಸುವವಳು ಹೀಗೆ ಬರೆಯಬಾರದು. ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ. ಹಳಿಯಾಳದ ಹೈಸ್ಕೂಲಿಗೆ ತೇರಗಾಂವದಿಂದ ನಡೆದುಕೊಂಡು ಹೋಗುತ್ತಿದ್ದೆ. ಆದರೆ ಸಾಹೇಬರು ತಪಾಸಣೆಗೆ ಬಂದರೆ ಮಾಸ್ತರರು ನನ್ನ ನೋಟುಬುಕ್ಕನ್ನೇ ಮುಂದಿಡುತ್ತಿದ್ದರು. ಹೊಡೆದು ತಿದ್ದಿದ ಒಂದು ಕಾಟೂ ಇರುತ್ತಿರಲಿಲ್ಲ.

ಲೆಕ್ಕದಲ್ಲಿ ಒಂದು ಅಂಕಿ ಉಳಿದವುಗಳ ಸಾಲು ಬಿಟ್ಟು ಜಿಗಿದರೆ ಅದು ಓದಿದವನ ಕಣ್ಣಿನ ತಪ್ಪಲ್ಲವೇ? ನಮಗೆ ಹಾಗೆ ಕಲಿಸಿದ್ದರು. ಸುಮ್ಮನೆ ಕೇಳಿದೆ.

ಮಾಲವ್ವ


ಮುಂಡಗೋಡ
11 ಜುಲೈ 2023

ಪೂಜ್ಯ ಅತ್ತೆಯವರಿಗೆ ನಮಸ್ಕಾರ.

ಚೀಟಿಗಳು ಮಣ್ಣಿಗೆ ಹೋದವೆಂದು ಓದಿದೆ. ತಿಳಿಯದೆ ಹಾಕಿದ್ದೀರಿ, ನಿಮ್ಮ ತಪ್ಪಲ್ಲ.

ನೀವು ಕೇಳಿದ್ದು ಒಳ್ಳೆಯ ಪ್ರಶ್ನೆ. ನನ್ನ ವಿದ್ಯಾರ್ಥಿಗಳೂ ಕೇಳುತ್ತಾರೆ. ಒಂದು ಅಂಕಿ ಒಂದೇ ದಿನ ಜಿಗಿದರೆ ಓದಿದವನ ತಪ್ಪಿರಬಹುದು. ಆದರೆ ಇವತ್ತು ಒಂದು ಡಿಗ್ರಿ ಕಡಿಮೆ, ನಾಳೆ ಅರ್ಧ ಹೆಚ್ಚು, ನಾಡಿದ್ದು ಎರಡು ಕಡಿಮೆ, ಹೀಗೆ ಕುಣಿಯುತ್ತಲೇ ಒಂದೇ ಕಡೆಗೆ ಜಾರುತ್ತಿದ್ದರೆ ಅದು ಯಂತ್ರ ಆಡುವ ಮಾತು. ಆ ಕುಣಿತವನ್ನು ಅಳಿಸಿದರೆ ಜಾರಿದ್ದೂ ಅದರೊಡನೆ ಅಳಿಸಿಹೋಗುತ್ತದೆ.

ರಿಜಿಸ್ಟರಿನ ನಕಲಿನಲ್ಲಿ ಆಗಿರುವುದೇ ಅದು. ಕೊನೆಯ ಸಲ ತೊಳೆದಾಗಿನಿಂದ ಸಿಡಿಯುವವರೆಗೆ ಎಪ್ಪತ್ತು ದಿನ. ಕೊನೆಯ ಐದಾರು ದಿನದ ಹಾಳೆ ಇಲ್ಲ, ಉಳಿದ ದಿನವೆಲ್ಲ ಹಬೆ ನೂರಾ ಮೂವತ್ತು, ಹೊರನೀರು ತೊಂಬತ್ತೆರಡು. ಎಲ್ಲೋ ಒಮ್ಮೆ ತೊಂಬತ್ತೊಂದು. ಬದುಕಿರುವ ಯಂತ್ರ ಇಷ್ಟು ಶಿಸ್ತಾಗಿ ಇರುವುದಿಲ್ಲ, ಅತ್ತೆ. ಬಾಯ್ಲರ್ ವಿಭಾಗದವರ ಪುಸ್ತಕ ಬೇರೆ. ಅದರಲ್ಲಿ ಆ ಹೀಟರಿಗೆ ಕೊಟ್ಟ ಹಬೆಯ ಒತ್ತಡ ವಾರದಿಂದ ವಾರಕ್ಕೆ ಏರಿದೆ. ಒತ್ತಡ ಏರಿದರೆ ಹಬೆಯ ಬಿಸಿಯೂ ಏರಲೇಬೇಕು. ನೀರು ಕಾಯದೆ ಇದ್ದುದಕ್ಕೇ ಇವರಿಬ್ಬರೂ ಹಬೆ ಹೆಚ್ಚಿಸುತ್ತ ಹೋಗಿರಬೇಕು, ಕೊನೆಗೆ ಆ ಒತ್ತಡ ತಡೆಯದೆ ಹೀಟರಿನ ಬಾಯಿ ಸಿಡಿದಿರಬೇಕು.

ಯಾರೋ ಕೂತು ಅಂಕಿಗಳನ್ನು ನೆಟ್ಟಗೆ ಮಾಡಿದ್ದಾರೆ. ಯಾರು, ಯಾಕೆ ಎಂಬುದು ಇನ್ನೂ ತಿಳಿಯಬೇಕು.

ಸಹನಾ


ದಾಂಡೇಲಿ
30 ಜುಲೈ 2023

ಚಿ. ಸಹನಾಳಿಗೆ ಆಶೀರ್ವಾದ.

ಪತ್ರ ತಲುಪಿ ಎರಡು ವಾರವಾಯಿತು. ಮೊಣಕಾಲು ನೋವು, ಬರೆಯಲು ಕೂಡ್ರಲಾಗಲಿಲ್ಲ.

ಆಫೀಸಿನವರೇ ತಿದ್ದಿರಬೇಕು. ಆ ಸುಪರ್‌ವೈಜರ್ ಸಾತಪ್ಪನಿಗೆ ತನ್ನ ರಿಜಿಸ್ಟರ್ ಚೆಂದ ಕಾಣುವುದೊಂದೇ ಚಿಂತೆ. ಒಳ್ಳೆಯ ಹಾಳೆಗಳನ್ನು ಬೋರ್ಡಿಗೆ ಚುಚ್ಚಿ ಎಲ್ಲರಿಗೂ ತೋರಿಸುತ್ತಿದ್ದನೆಂದು ಕೇಳಿದ್ದೇನೆ.

ಈ ಲೆಕ್ಕವನ್ನು ಇಲ್ಲಿಗೇ ಬಿಡು. ಹೋದವನು ನಿನ್ನ ಗಣಿತದಿಂದ ಎದ್ದು ಬರುವುದಿಲ್ಲ. ನಿನ್ನ ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ಮುಂಡಗೋಡದ ಬಸ್ಸಿನ ಡ್ರೈವರ್ ದ್ಯಾಮಪ್ಪನ ಕೈಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕೊಟ್ಟಿದ್ದೇನೆ. ಡಬ್ಬಿ ತಿರುಗಿ ಕಳಿಸುವ ಅವಸರವಿಲ್ಲ.

ಮಾಲವ್ವ


ಮುಂಡಗೋಡ
26 ಆಗಸ್ಟ್ 2023

ಪೂಜ್ಯ ಅತ್ತೆಯವರಿಗೆ,

ಹಿಂಡಿಯ ಡಬ್ಬಿಯ ಮುಚ್ಚಳ ತೆಗೆದು ನಿಂತಲ್ಲೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ನೀವು ನನ್ನನ್ನು ಕ್ಷಮಿಸಿದಿರಿ ಎಂದುಕೊಂಡೆ. ಅದಕ್ಕೇ ಈ ಮಾತನ್ನು ಮೊದಲು ನಿಮಗೆ ಬರೆಯುತ್ತಿದ್ದೇನೆ.

ಅಂಕಿ ತಿದ್ದಿದ್ದು ಸಾತಪ್ಪನಲ್ಲ.

ಮೊನ್ನೆ ವಿಚಾರಣೆಯಲ್ಲಿ ಅವನು ಹೇಳಿದ. ವಾರವಿಡೀ ಗೀಚಿದ ಚೀಟಿಗಳು ಕಾಸ್ಟಿಕ್ ನೀರಿಗೆ ನೆನೆದು ಹರಿಯುತ್ತವೆ, ಅದಕ್ಕೆ ಪ್ರತಿಯೊಬ್ಬರೂ ವಾರದ ರಜೆಯ ದಿನ ಅವುಗಳನ್ನು ಹಾಳೆಯ ಮೇಲೆ ಚೊಕ್ಕ ಮಾಡಿ ತರುವ ಪದ್ಧತಿ. ಶಿವಲಿಂಗನ ಹಾಳೆ ಮನೆಯಿಂದಲೇ ಹಾಗೆ ಬರುತ್ತಿತ್ತು, ತಾನು ರಿಜಿಸ್ಟರಿಗೆ ಅಂಟಿಸಿದ್ದಷ್ಟೇ ಎಂದ.

ಹೊರಗೆ ಬಂದ ಮೇಲೆ ಫಯಾಜಣ್ಣನನ್ನು ಹಿಡಿದು ಕೇಳಿದೆ. ಮೊದಲು ಮಾತು ಬೇರೆ ಕಡೆ ತಿರುಗಿಸಿದರು. ಕೊನೆಗೆ ಹೇಳಿದರು. ಸಿಡಿಯುವ ನಾಲ್ಕು ದಿನ ಮೊದಲು, ಶುಕ್ರವಾರ, ನಿಮ್ಮ ಮಗ ಸಾತಪ್ಪನ ಹತ್ತಿರ ಹೋಗಿ ಹೀಟರ್ ನಿಲ್ಲಿಸಿ ತೊಳೆಯಬೇಕೆಂದು ಕೇಳಿದರಂತೆ. ಸಾತಪ್ಪ ರಿಜಿಸ್ಟರ್ ತೆಗೆದು ಮುಂದಿಟ್ಟನಂತೆ. "ನಿನ್ನ ಹಾಳಿ ನೀನ ನೋಡಪಾ. ಮೊನ್ನೆನೂ ತೊಂಬತ್ತೆರಡು, ಆಚಿಮೊನ್ನೆನೂ ತೊಂಬತ್ತೆರಡು. ಹೀಟರ್ ತಣ್ಣಗಾಗೇತೋ, ನಿನಗ ಜ್ವರ ಬಂದಾವೋ?" ಅಲ್ಲಿದ್ದವರೆಲ್ಲ ನಕ್ಕರಂತೆ. ಇವರು ಹಾಳೆ ನೋಡಿದರು. ಇನ್ನೊಂದು ಪುಟ ತಿರುವಿದರು, ಮತ್ತೊಂದು ತಿರುವಿದರು. "ನಂದ ತಪ್ಪಾತ್ರಿ, ಸರ್" ಎಂದು ಹೊರಗೆ ಬಂದರು.

ತಾವೇ ಸುಳ್ಳು ಬರೆದಿರದಿದ್ದರೆ ಹಾಗೆ ಯಾಕೆ ಹೇಳುತ್ತಿದ್ದರು? ಶನಿವಾರ ಬಂದಾಗಲೆಲ್ಲ ಕೇಳುತ್ತಿದ್ದೆ, ನಿಮ್ಮ ಹೀಟರ್ ಹೇಗಿದೆಯೆಂದು. "ಕಂಡದ್ದ ಬರೀತೇನಿ, ಬರದದ್ದ ಕೊಡ್ತೇನಿ" ಎನ್ನುತ್ತಿದ್ದರು. ಆ ಮಾತನ್ನು ನಾನು ತರಗತಿಯಲ್ಲಿ ಹುಡುಗರಿಗೆ ಹೇಳಿದ್ದೇನೆ, ನನ್ನ ಗಂಡ ಹೀಗೆನ್ನುತ್ತಾರೆ ಎಂದು. ಈಗ ಯಾವ ಮುಖ ಹೊತ್ತು ತರಗತಿಗೆ ಹೋಗಲಿ? ಸೋಮಾರಿತನಕ್ಕೆ ಒಂದೇ ಅಂಕಿಯನ್ನು ಕೆಳಗೆ ಕೆಳಗೆ ಬರೆದು, ಆ ಸುಳ್ಳಿನ ಮುಂದೆ ತಾವೇ ನಿಂತು ಸತ್ತರು. ಜೊತೆಗೆ ಇನ್ನೊಬ್ಬರ ಅನ್ನವನ್ನೂ ಕಳೆದರು.

ಮುಂದಿನ ವಿಚಾರಣೆ ನವೆಂಬರ್ ಏಳಕ್ಕೆ ಹಳಿಯಾಳದಲ್ಲಿ. ಮೂಲ ಚೀಟಿಗಳಿಲ್ಲದೆ ನನ್ನ ಮಾದರಿ ಏನನ್ನೂ ಸಾಧಿಸಲಾರದು. ಅಂಕಿಗಳನ್ನು ಶಿವಲಿಂಗ ಅವರೇ ತಿದ್ದಿದ್ದಾರೆ ಎಂದು ವರದಿ ಬರೆದುಕೊಡುತ್ತೇನೆ. ಫಯಾಜಣ್ಣನಿಗೆ ಅದರಿಂದ ಉಪಯೋಗವಿಲ್ಲ. ಆದರೆ ನಾನು ಇನ್ನೊಂದು ಸುಳ್ಳು ಬರೆಯಲಾರೆ.

ಗೋಡೆಯ ಮೇಲಿನ ಅವರ ಫೋಟೊ ತೆಗೆದು ಒಳಗಿಟ್ಟಿದ್ದೇನೆ. ನೀವು ಇನ್ನು ಏನೂ ಕಳಿಸಬೇಡಿ.

ಸಹನಾ


ದಾಂಡೇಲಿ
20 ಅಕ್ಟೋಬರ್ 2023

ಸಹನಾ,

ನಿನ್ನ ಪತ್ರಕ್ಕೆ ಎಂಟು ವಾರ ಉತ್ತರ ಬರೆಯಲಿಲ್ಲ. ಬರೆದೆ, ಹರಿದೆ. ಕಾಟು ಹಾಕದೆ ಬರೆಯುವವಳೆಂಬ ಹೆಸರು ನನಗೆ. ಈ ಎಂಟು ವಾರದಲ್ಲಿ ಹಾಕಿದಷ್ಟು ಕಾಟು ಜನ್ಮದಲ್ಲಿ ಹಾಕಿರಲಿಲ್ಲ.

ಶಿವಲಿಂಗನ ಫೋಟೊ ಹೊರಗೆ ತೆಗೆದು ಮತ್ತೆ ಗೋಡೆಗೆ ಹಾಕು. ಅವನು ಒಂದೂ ಸುಳ್ಳು ಅಂಕಿ ಬರೆಯಲಿಲ್ಲ. ಆ ಹಾಳೆಗಳನ್ನು ಬರೆದವಳು ನಾನು.

ಅವನ ಅಕ್ಷರ ನಿನಗೆ ಗೊತ್ತು. ಹಾಳೆ ಕೊಡುವ ಪದ್ಧತಿ ಬಂದ ಮೊದಲ ವಾರ ಅವನು ಕೊಟ್ಟ ಹಾಳೆಯನ್ನು ಸಾತಪ್ಪ ಮುಖದ ಮೇಲೆ ಒಗೆದನಂತೆ. ಮನೆಗೆ ಬಂದು ನನ್ನ ಮುಂದೆ ಇಟ್ಟ. "ಅವ್ವಾ, ನಿನ್ನ ಅಕ್ಷರ ಮುತ್ತಿನಂಗ ಅದಾವ. ಇದೊಂದು ಬರದಕೊಡ." ಆವತ್ತಿನಿಂದ ಪ್ರತಿ ಗುರುವಾರ, ಕಾರ್ಖಾನೆಗೆ ರಜೆ ಇರುವ ದಿನ, ಊಟವಾದ ಮೇಲೆ ಅವನು ಚಾಪೆಯ ಮೇಲೆ ಅಡ್ಡಾಗಿ ಚೀಟಿ ಓದುತ್ತಿದ್ದ, ನಾನು ಮಣೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೆ. ವಾರದ ದಣಿವು, ಓದುತ್ತಲೇ ಕಣ್ಣು ಮುಚ್ಚುತ್ತಿದ್ದ. ನಾನು ಬರೆದದ್ದನ್ನು ಎಂದೂ ತಿರುಗಿ ನೋಡುತ್ತಿರಲಿಲ್ಲ. ತಾಯಿ ಬರೆದದ್ದನ್ನು ಯಾರು ನೋಡುತ್ತಾರೆ? ನನ್ನ ಹಾಳೆಯನ್ನು ಬೋರ್ಡಿಗೆ ಹಾಕಿದರೆಂದು ಅವನು ಹೇಳಿದ ದಿನ ಗೋದಿ ಹುಗ್ಗಿ ಮಾಡಿದ್ದೆ. ಯಾತಕ್ಕೆಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಅವನು ಓದುವನು, ತೊಂಬತ್ತು, ತೊಂಬತ್ತೊಂದು, ಎಂಬತ್ತೊಂಬತ್ತು. ಹಿಂದಿನ ವಾರವೆಲ್ಲ ತೊಂಬತ್ತೆರಡು ಇದ್ದಾಗ ಇದೇನು ಹೀಗೆ ಎಂದು ನನಗೆ ಕಸಿವಿಸಿ. ದಣಿದ ಹುಡುಗ, ಗಾಜಿನ ಮೇಲೆ ಹಬೆ, ಸರಿಯಾಗಿ ನೋಡಿರಲಿಕ್ಕಿಲ್ಲ ಅನಿಸುತ್ತಿತ್ತು. ಒಂದೆರಡು ಸಲ ಕೇಳಿಯೂ ಕೇಳಿದೆ. "ಹಿಂಗ ಕುಣಿಯೂ ಲೆಕ್ಕ ಯಾರು ನಂಬ್ತಾರೋ?" ಅವನು ನಕ್ಕ. "ಇದು ಸಾಲಿ ಲೆಕ್ಕ ಅಲ್ಲವ್ವಾ, ಓದಿದ್ದಷ್ಟ ಬರಿ." ಹೂಂ ಎಂದೆ. ಎಂದು ತೊಂಬತ್ತೆರಡು ಬರೆದೆ. ಹಬೆಯ ಅಂಕಿಯನ್ನೂ ಹಾಗೇ ಮಾಡಿದೆ. ಮಗನ ಹೆಸರಿನ ಹಾಳೆಯಲ್ಲಿ ಒಂದು ತಪ್ಪೂ ಕಾಣಬಾರದೆಂದು ಮಾಡಿದೆ. ಸಂಖ್ಯೆಗಳು ಒಂದರ ಕೆಳಗೆ ಒಂದು ಸಾಲಾಗಿ ನಿಂತರೆ ಕಣ್ಣಿಗೆ ಎಷ್ಟು ಹಿತವೆಂದು ನಿನಗೆ ಹೇಳಬೇಕಿಲ್ಲ.

ಶುಕ್ರವಾರ ಪಾಳಿ ಮುಗಿಸಿ ಬಂದ. ಕೈಕಾಲು ತೊಳೆಯಲಿಲ್ಲ. "ಅವ್ವಾ, ಹಾಳ್ಯಾಗ ಎಲ್ಲಾ ತೊಂಬತ್ತೆರಡ ಯಾಕ ಅದಾವ?" ಎಂದ. "ನೀ ಅಡ್ಡಾದಿಡ್ಡಿ ಓದಿದ್ದಿ, ನಾ ನೆಟ್ಟಗ ಮಾಡಿನಿ" ಎಂದೆ. ನನ್ನ ಮುಖವನ್ನೇ ನೋಡುತ್ತ ನಿಂತ. ದನಿ ಏರಿಸಲಿಲ್ಲ. "ಮುಂದಿನ ವಾರದಿಂದ ನಾನ ಬರೀತೇನಿ ಬಿಡವ್ವಾ" ಎಂದ. ಅಷ್ಟೇ. ಸಾತಪ್ಪನ ಮುಂದೆ ಏನಾಯಿತು, ಜನ ಹೇಗೆ ನಕ್ಕರು, ಒಂದನ್ನೂ ಹೇಳಲಿಲ್ಲ. ಅದು ನನಗೆ ತಿಳಿದದ್ದು ನಿನ್ನ ಪತ್ರದಿಂದ.

ನನಗೆ ಅವಮಾನವಾಯಿತು, ಸಹನಾ. ಹೆತ್ತ ಮಗ ನನ್ನ ಬರವಣಿಗೆ ಬೇಡವೆಂದ ಎಂದು. ಅವನ ಸಂಗಡ ಮಾತು ಬಿಟ್ಟೆ. ಶನಿವಾರ ಆಡಲಿಲ್ಲ, ರವಿವಾರ ಆಡಲಿಲ್ಲ, ಸೋಮವಾರ ಆಡಲಿಲ್ಲ. ಮಂಗಳವಾರ ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಅವ್ವಾ, ಬರ್ತೇನಿ" ಎಂದ. ನಾನು ಜೋಳ ಹಸನು ಮಾಡುತ್ತಿದ್ದೆ. ಮೊರದಿಂದ ತಲೆ ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಾಗಲಿಲ್ಲ.

ನಿನಗೆ ಯಾಕೆ ಹೇಳಿರಲಿಲ್ಲ ಎಂದು ಕೇಳುತ್ತೀ. ಎಂ.ಎಸ್ಸಿ. ಗಣಿತ ಓದಿದ ಸೊಸೆ. ನೀನು ನೋಡಿದ್ದರೆ ನಾನು ಬರೆಯುತ್ತೇನೆ ಕೊಡಿ ಎನ್ನುತ್ತಿದ್ದೆ, ನನ್ನ ಕೈಯಿಂದ ಆ ಕೆಲಸ ಹೋಗುತ್ತಿತ್ತು. "ನಿನ್ನ ಹೇಣತಿಗೆ ಹೇಳಬ್ಯಾಡ" ಎಂದು ಅವನಿಂದ ಮಾತು ತೆಗೆದುಕೊಂಡಿದ್ದೆ. ಶನಿವಾರ ನೀನು ಬರುವ ಹೊತ್ತಿಗೆ ಚೀಟಿಗಳು ನನ್ನ ಸೀರೆಯ ಟ್ರಂಕಿನಲ್ಲಿ ಇರುತ್ತಿದ್ದವು. ಈಗಲೂ ಅಲ್ಲೇ ಇವೆ. ಮಣ್ಣಿಗೆ ಹೋದವೆಂದು ಬರೆದದ್ದು ಸುಳ್ಳು.

ನನ್ನ ಹತ್ತಿರ ಇರುವ ಚೀಟಿಗಳನ್ನೆಲ್ಲ ಸುಭಾಸನ ಕೈಯಲ್ಲಿ ಕಳಿಸಿದ್ದೇನೆ. ಒಂದನ್ನೂ ತೊಳೆದಿಲ್ಲ, ಒರೆಸಿಲ್ಲ.

ಮಾಲವ್ವ


ಮುಂಡಗೋಡ
28 ಅಕ್ಟೋಬರ್ 2023

ಅತ್ತೆ,

ಚೀಟಿಗಳು ತಲುಪಿದವು. ಎಣಿಸಿ ಜೋಡಿಸಿದ್ದೇನೆ. ಅವರ ಕೈಬರಹ ನೋಡಿ ಮೊದಲ ದಿನ ಒಂದೂ ಅಂಕಿ ಓದಲಾಗಲಿಲ್ಲ.

ಆ ಕಡೆಯ ಶನಿವಾರ ನಾನು ಬಂದಿದ್ದೆ. ನೀವು ಇಬ್ಬರೂ ಮಾತಾಡುತ್ತಿರಲಿಲ್ಲ. ರೊಟ್ಟಿ ಬಡಿಸುವಾಗ ಅವರ ತಾಟಿಗೆ ನೀವು ಜ್ಯೋತಿ ಅಕ್ಕನ ಕೈಯಿಂದ ಹಾಕಿಸಿದಿರಿ. ಏನಾಯಿತೆಂದು ಇವರನ್ನು ಕೇಳಿದೆ. "ಏನಿಲ್ಲ, ಅವ್ವಂದ ಸ್ವಲ್ಪ ಸಿಟ್ಟ ಐತಿ, ಹೋಗತೈತಿ" ಎಂದರು. ಸಂಜೆಯೆಲ್ಲ ನಾನು ಆ ಟ್ರಂಕಿನ ಮೇಲೆ ಕೂತು ಉತ್ತರಪತ್ರಿಕೆ ನೋಡುತ್ತಿದ್ದೆ, ಅತ್ತೆ. ಅದೇ ಟ್ರಂಕಿನ ಮೇಲೆ. ಒಂದು ಚೀಟಿ ಕಣ್ಣಿಗೆ ಬಿದ್ದಿದ್ದರೂ ಸಾಕಿತ್ತು.

ಇನ್ನೂ ಬರೆದರೆ ಬೇರೆ ಮಾತು ಬರುತ್ತದೆ. ನೀವೇ ಹೇಳಿದ್ದಿರಲ್ಲ, ಮರ್ಯಾದೆ ಉಳಿಯಬೇಕೆಂದು.

ಚೀಟಿಗಳೂ ನನ್ನ ವರದಿಯೂ ಅಧಿಕಾರಿಗಳಿಗೆ ಹೋಗಿವೆ. ಹಾಳೆ ಬರೆದವರು ಖುದ್ದಾಗಿ ಬಂದು ಹೇಳದಿದ್ದರೆ ಅವು ಸಾಕ್ಷಿಯಾಗಿ ನಿಲ್ಲುವುದಿಲ್ಲವಂತೆ. ನವೆಂಬರ್ ಏಳರಂದು ನನಗೆ ಪರೀಕ್ಷೆಯ ಕೆಲಸವಿದೆ, ನಾನು ಇರುವುದಿಲ್ಲ. ಹೋಗುವುದು ಬಿಡುವುದು ನಿಮಗೆ ಸೇರಿದ್ದು.

ಸಹನಾ


ದಾಂಡೇಲಿ
10 ನವೆಂಬರ್ 2023

ಸಹನಾ,

ಹೋಗಿದ್ದೆ. ಸುಭಾಸ ಬೇಡವೆಂದ, ಮನೆತನದ ಮಾನ ಹೋಗುತ್ತದೆ ಎಂದ. ಅವನನ್ನು ಮನೆಯಲ್ಲೇ ಬಿಟ್ಟು ಒಬ್ಬಳೇ ಹಳಿಯಾಳದ ಬಸ್ಸು ಹತ್ತಿದೆ.

ಅಧಿಕಾರಿ ಹೆಣ್ಣುಮಗಳು, ನಿನ್ನ ವಯಸ್ಸಿನವಳು. ರಿಜಿಸ್ಟರ್ ತೆರೆದು ಮುಂದಿಟ್ಟಳು. ನನ್ನ ಅಂಕಿಗಳು. ಅಷ್ಟು ಚೆಂದ ಇದ್ದವು. "ಇವು ನಿಮ್ಮ ಮಗಾ ಹೇಳಿದ ಅಂಕಿ ಏನ್ರಿ?" ಎಂದು ಕೇಳಿದಳು. "ಅಲ್ರಿ. ಅಂವಾ ಹೇಳಿದ್ದು ಬ್ಯಾರೆ, ನಾ ಬರದದ್ದು ಬ್ಯಾರೆ" ಎಂದೆ. ಮಗ ಬರೆಯಲು ಹೇಳಿದನೇ, ಕಾರ್ಖಾನೆಯವರು ಹೇಳಿದರೇ ಎಂದು ಮತ್ತೆ ಮತ್ತೆ ಕೇಳಿದಳು. ಪಾಪ, ನನಗೊಂದು ದಾರಿ ಬಿಡುತ್ತಿದ್ದಳು. "ಯಾರೂ ಹೇಳಲಿಲ್ಲ. ನನ್ನ ಸೊಕ್ಕು ಹೇಳಿತು" ಎಂದೆ. ಹಾಗೆಯೇ ಬರೆದುಕೊಂಡಳು. ಸಾತಪ್ಪ ತಲೆ ತಗ್ಗಿಸಿ ಕೂತಿದ್ದ. ಬೋರ್ಡಿಗೆ ಚುಚ್ಚಿದ್ದನ್ನು ನೆನೆದನೋ ಏನೋ.

ಹೊರಗೆ ಬಂದರೆ ಬೇವಿನ ಗಿಡದ ಕೆಳಗೆ ಫಯಾಜ ನಿಂತಿದ್ದ. ನಾನು ಅವನ ಮುಂದೆ ಹೋಗಿ ನಿಂತೆ. ಅವನೇ ಹೇಳಿದ. "ಅವ್ವಾರ, ನನಗ ಮೊದಲಿಂದನೂ ಗೊತ್ತಿತ್ರಿ. ಶುಕ್ರವಾರ ಶಿವ್ಯಾ ಹೇಳಿದ್ದ. ಹಾಳಿ ನಮ್ಮವ್ವಂದು, ಯಾರ ಮುಂದನೂ ಅನಬ್ಯಾಡ ಅಂದಿದ್ದ."

ಮೊದಲೇ ಹೇಳಿದ್ದರೆ ನಿನ್ನ ನೌಕರಿ ಉಳಿಯುತ್ತಿತ್ತಲ್ಲೋ ಎಂದೆ.

"ಸತ್ತಾಂವನ ತಾಯಿನ್ನ ನಾ ಕಟಕಟ್ಯಾಗ ನಿಂದ್ರಸಲೇನ್ರಿ?" ಎಂದ. "ಅದಕ್ಕ ವೈನಿ ಕಡೆ ಹೋದೆ. ಲೆಕ್ಕ ಆದ್ರ ಯಾರ ಹೆಸರೂ ಹಿಡಿಯೂದಿಲ್ಲ ಅಂದ್ಕೊಂಡಿದ್ದೆ."

ನನ್ನನ್ನು ಪಿಕಪ್ಪಿನಲ್ಲಿ ದಾಂಡೇಲಿಯವರೆಗೆ ಬಿಡುತ್ತೇನೆಂದ. ಬೇಡವೆಂದೆ. ಅವನ ಪಕ್ಕದಲ್ಲಿ ಕೂಡ್ರುವ ಯೋಗ್ಯತೆ ನನಗಿರಲಿಲ್ಲ. ಫಯಾಜನ ತಪ್ಪಿಲ್ಲವೆಂದು ಆದೇಶ ಬರುತ್ತದೆಂದು ಅಧಿಕಾರಿ ಅವನಿಗೆ ಹೇಳಿದಳಂತೆ. ನಿನ್ನೆ ಶಿವಲಿಂಗನ ವರ್ಷದ ಪೂಜೆ ಆಯಿತು. ನೀನು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳುವ ಬಾಯಿ ನನಗಿಲ್ಲ.

ಕ್ಷಮೆ ಕೇಳಲು ಈ ಪತ್ರ ಬರೆಯುತ್ತಿಲ್ಲ. ಕೊಟ್ಟರೂ ಅದನ್ನು ಎಲ್ಲಿಡಲಿ? ನನಗೆ ಒಂದು ಲೆಕ್ಕ ಬೇಕು. ನೀನೇ ಮಾಡಬೇಕು, ಬೇರೆ ಯಾರಿಗೂ ಬರುವುದಿಲ್ಲ. ಅವನು ಓದಿದ ಹಾಗೆಯೇ ನಾನು ಬರೆದಿದ್ದರೆ, ಹೀಟರ್ ನಿಲ್ಲಿಸಬೇಕೆಂದು ಯಾವ ದಿನ ತಿಳಿಯುತ್ತಿತ್ತು? ಅದು ಸಿಡಿಯುವುದಕ್ಕೆ ಎಷ್ಟು ದಿನ ಮೊದಲು?

ಮುದುಕಿ ಎಂದು ಕಡಿಮೆ ಮಾಡಬೇಡ.

ಮಾಲವ್ವ


ಮುಂಡಗೋಡ
22 ನವೆಂಬರ್ 2023

ಅತ್ತೆಯವರಿಗೆ,

ನೀವು ಕೇಳಿದ ಲೆಕ್ಕವನ್ನು ಮೂರು ಸಲ ಮಾಡಿದೆ. ಪ್ರತಿ ಅಡಿ ಕೊಳವೆ ತಿನ್ನುವ ಪಾಲು, ಶುಚಿಯಾಗಿದ್ದಾಗಿನ ಮುಕ್ಕಾಲಿಗಿಂತ ಕೆಳಗಿಳಿದರೆ ನಿಲ್ಲಿಸಿ ತೊಳೆಯಬೇಕು ಎಂದು ಆ ಹೀಟರಿನ ಪುಸ್ತಕದಲ್ಲೇ ಇದೆ. ಚೀಟಿಗಳ ಅಂಕಿ ಹಾಕಿ ನೋಡಿದೆ. ಹಬೆಯ ಬಿಸಿ ಏರುತ್ತಿದ್ದುದನ್ನೂ ಸೇರಿಸಿದೆ. ಕುಣಿತ ಬಹಳ ಇತ್ತು, ಆದರೂ ಗೆರೆ ಸ್ಪಷ್ಟವಾಗಿ ಬಂತು.

ಪತ್ರ ಬರೆಯಲು ಕೂತಾಗ ಮೊದಲು ಹತ್ತು ದಿನ ಎಂದು ಬರೆದೆ. ಹತ್ತು ಎಂದರೆ ನೀವು ಹೇಗಾದರೂ ತಡೆದುಕೊಳ್ಳುತ್ತೀರಿ ಅನಿಸಿತು. ಆಮೇಲೆ ಆ ಕಾಗದ ಹರಿದೆ.

ಹೋದ ವರ್ಷದ ಸೆಪ್ಟೆಂಬರ್ 28. ನಲವತ್ತೊಂದು ದಿನ ಮೊದಲು.

ಸಹನಾ


ದಾಂಡೇಲಿ
27 ನವೆಂಬರ್ 2023

ಸಹನಾ,

ಅಂಕಿ ತಲುಪಿತು. ಕಡಿಮೆ ಮಾಡದೆ ಬರೆದೆ, ಒಳ್ಳೆಯದು ಮಾಡಿದೆ.

ಹಳೆಯ ಕ್ಯಾಲೆಂಡರ್ ತೆಗೆದು ನೋಡಿದೆ. ಆ ನಲವತ್ತೊಂದು ದಿನದಲ್ಲಿ ಆರು ಗುರುವಾರ ಬರುತ್ತವೆ.

ಆರು ಸಲ ನನ್ನ ಮಗ ತನ್ನ ಬಾಯಿಂದಲೇ ನನಗೆ ಓದಿ ಹೇಳಿದ್ದ.

ಮಾಲವ್ವ